ಸೊಂಟದ ಫೋಟೋ ತೆಗೆದ ಕಾಲ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ನೌಕರಿ. ಯಾವ ಊರಿಗೆ ವರ್ಗವಾದರೂ ಇಂಥ ಪ್ರಸಂಗಗಳು ಮಾತ್ರ ನನ್ನ ಬೆನ್ನು ಬಿಡಲಿಲ್ಲ.

ಉಡದಾರ

ಚನ್ನಗಿರಿಯಲ್ಲಿದ್ದಾಗ ಕೆರೆಬಿಳಚಿಯ ರೈತರೊಬ್ಬರು ಸೊಂಟನೋವೆಂದು ಬಂದರು. ನಡುವಿನಲ್ಲಿ ಬೆಳ್ಳಿ ಉಡದಾರ. ಅದಿದ್ದರೆ ಮೂಳೆ ಮರೆಯಾಗುತ್ತದೆ, ಬಿಚ್ಚಿ ಎಂದೆ.

"ಉಡದಾರ ಇಲ್ಲದೆ ಗಂಡಸು ಇರಾಕೆ ಆಗ್ತೈತೇನ್ರಿ?" ಎಂದರು.

ಬದಲಿಗೆ ಬ್ಯಾಂಡೇಜ್ ಬಟ್ಟೆಯ ಪಟ್ಟಿಯೊಂದನ್ನು ನಡುವಿಗೆ ಕಟ್ಟಿದ ಮೇಲೆ ಒಪ್ಪಿದರು. ಫೋಟೋ ಚೆನ್ನಾಗಿ ಬಂತು. ಮರುವಾರ ಅದೇ ಊರಿನ ಇನ್ನೊಬ್ಬರು ಕೈ ಮುರಿದುಕೊಂಡು ಬಂದರು. ಅಂಗಿ ಎತ್ತಿ ಸೊಂಟದ ಬ್ಯಾಂಡೇಜ್ ತೋರಿಸಿ, "ನಾನು ಮನೆಯಿಂದಲೇ ಕಟ್ಟಿಕೊಂಡು ಬಂದೀನಿ ಸಾರ್" ಎಂದರು.

ಮಿರ್ಚಿ

ಆಮೇಲೆ ಹೊನ್ನಾಳಿ. ಸೊಂಟದ ಫೋಟೋಗೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಒಳಗಿರುವುದೆಲ್ಲ ಮೂಳೆಗೆ ಅಡ್ಡ ಬರುತ್ತದೆ. ನ್ಯಾಮತಿಯ ಅಂಗಡಿ ಯಜಮಾನರೊಬ್ಬರಿಗೆ ಹಾಗೆಂದಾಗ ಪಕ್ಕದಲ್ಲಿದ್ದ ಅವರ ಹೆಂಡತಿಯ ಕಣ್ಣು ಅರಳಿತು.

"ಹಂಗಾದ್ರೆ ಇವರು ಬಸ್‌ಸ್ಟ್ಯಾಂಡಿನಾಗೆ ಮಿರ್ಚಿ ತಿಂದಿದ್ರೆ ಗೊತ್ತಾಗ್ತೈತೇನ್ರಿ?"

ಫೋಟೋ ತೆಗೆದು ಡಾರ್ಕ್‌ರೂಮಿಗೆ ಹೊರಟೆ. ಯಜಮಾನರು ಸೊಂಟ ಹಿಡಿದುಕೊಂಡೇ ಹಿಂದೆ ಬಂದು ಪಿಸುಗುಟ್ಟಿದರು: "ಸಾರ್, ಒಂದು ಅಂತ ಹೇಳಿಬಿಡ್ರಿ. ನಾಲ್ಕೂ ಹೇಳಬ್ಯಾಡ್ರಿ."

ತಂತಿ

ಕೊನೆಗೆ ದಾವಣಗೆರೆ. ಜಗಳೂರಿನ ಕುರಿಗಾರರೊಬ್ಬರ ಸೊಂಟದ ಮೂಳೆ ಜಾರಿ, ನರ ಒತ್ತಿ, ನೋವೆಲ್ಲ ಎಡಗಾಲಿಗೆ ಇಳಿದಿತ್ತು. ಕುರಿ ಹಿಂದೆ ನಡೆಯಲಾಗದಿದ್ದರೆ ಅವರ ಸಂಸಾರ ನಡೆಯುವುದಿಲ್ಲ. ಎರಡು ಮೂಳೆ ಕೂಡಿಸುವ ಆಪರೇಷನ್. ಬೆನ್ನು ಆದಷ್ಟು ಕಡಿಮೆ ಕೊಯ್ಯಬೇಕೆಂದು ಡಾಕ್ಟರ ಹಟ. ಅದಕ್ಕೇ ಜಾಗದ ಗುರುತಿಗೆಂದು, ಫೋಟೋದಲ್ಲಿ ಕಾಣುವಂಥ ಸಣ್ಣ ತಂತಿಯೊಂದನ್ನು ಬೆನ್ನ ಮೇಲೆ ಅಂಟುಪಟ್ಟಿಯಿಂದ ಅಂಟಿಸಿ ಫೋಟೋ ತೆಗೆದೆ. ಕೆಟ್ಟ ಮೂಳೆ ತಂತಿಯ ನೇರಕ್ಕೇ ಇತ್ತು. ತಂತಿಯನ್ನು ಹಾಗೇ ಬಿಟ್ಟು, ಮರುದಿನ ಅದು ಇದ್ದಲ್ಲೇ ಕೊಯ್ಯುವುದೆಂದಾಯಿತು.

ಮರುದಿನ ಬೋರಲು ಮಲಗಿಸಿ ನೋಡಿದರೆ ಬೆನ್ನಿನ ಮೇಲೆ ತಂತಿಯೇ ಇಲ್ಲ. ಡಾಕ್ಟರು ನನ್ನನ್ನು ನೋಡಿದರು. ಅಷ್ಟರಲ್ಲಿ ಹೊದಿಕೆ ಸರಿಸಿದ ನರ್ಸು, "ಇಲ್ಲೈತೆ ನೋಡ್ರಿ" ಎಂದರು. ಎಡಗಾಲಿನ ಮೀನಖಂಡದ ಮೇಲೆ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು.

ಹೊರಗೆ ಓಡಿ ಕುರಿಗಾರರ ಹೆಂಡತಿಯನ್ನು ಕೇಳಿದೆ.

"ನಾನೇ ರೀ. ನೋವಿರೋದು ಕಾಲಿಗೆ, ನೀವು ಹಚ್ಚಿದ್ದು ಬೆನ್ನಿಗೆ. ಗಡಿಬಿಡಿಯಾಗೆ ತಪ್ಪಿರಬೇಕು ಅಂತ ಸರಿ ಮಾಡಿದೆ."

ಮತ್ತೆ ತಂತಿ, ಮತ್ತೆ ಫೋಟೋ. ಆಪರೇಷನ್ ಸುಸೂತ್ರವಾಯಿತು. ಕೆಲವು ತಿಂಗಳ ಮೇಲೆ ಕುರಿಗಾರರು ಯಾರ ಆಸರೆಯೂ ಇಲ್ಲದೆ ನಡೆದು ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ಆ ತಂತಿ ಇನ್ನೊಂದು ತುಂಡು ಕೊಡ್ರಿ, ನಮ್ಮತ್ತೆ ಮೊಣಕಾಲಿಗೆ ಹಚ್ಚಬೇಕು. ಡಾಕ್ಟರಿಗೆ ಹೇಳಬ್ಯಾಡ್ರಿ. ಪಾಪ, ಅವರೂ ಬೆನ್ನು ಕೊಯ್ದು ಕಷ್ಟಪಟ್ಟಾರೆ."