ಬಿಸಿನೀರಿಲ್ಲದ ಎರಡು ಬೆಳಗು

"ಅಂಜಿನೀ, ಬಿಸಿನೀರು!"

ಮದುವೆಯಾದಾಗಿನಿಂದ ಅಂಜಿನಮ್ಮನ ಬೆಳಗು ಶುರುವಾಗುತ್ತಿದ್ದುದೇ ಅತ್ತೆ ಪಿಳ್ಳಮ್ಮನ ಈ ಕೂಗಿನಿಂದ. ಹಾಗಾಗಿ, ಅವಳು ಕೆಲಸ ಮಾಡುತ್ತಿದ್ದ ವೈಟ್‌ಫೀಲ್ಡಿನ ರೇಡಿಯೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಹೆಂಗಸರಿಗೆಂದು ಕೆರೆ ದಡದಲ್ಲಿ ಎರಡು ರಾತ್ರಿಯ ಶಿಬಿರ, ಟೆಂಟು, ದೋಣಿ ಎಂದೆಲ್ಲ ಹೇಳಿದಾಗ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಎರಡು ಬೆಳಗು ಯಾರಿಗೂ ನೀರು ಕಾಯಿಸಬೇಕಿಲ್ಲ.

"ಜಾಗ ನಾನು ನೋಡ್ಬೇಕು. ಒಪ್ಪಿದ್ರೆ ಕಳಿಸ್ತೀನಿ," ಎಂದಿದ್ದಳು ಪಿಳ್ಳಮ್ಮ.

ಭಾನುವಾರ ಜಾಗದ ಪರೀಕ್ಷೆಗೆ ಹೊರಟ ಕಾರ್ಖಾನೆಯ ಕ್ರೀಡಾ ಸಂಘದ ಲಕ್ಷ್ಮಣಪ್ಪ, ಪಟ್ಟಂದೂರು ಅಗ್ರಹಾರದಲ್ಲಿ ಅತ್ತೆ ಸೊಸೆ ಇಬ್ಬರನ್ನೂ ವ್ಯಾನಿಗೆ ಹತ್ತಿಸಿಕೊಂಡು ಕಾಡುಗೋಡಿಯಾಚೆಯ ಕೆರೆಗೆ ಕರೆತಂದ. ವ್ಯಾನಿನ ಮೇಲೆ ಅವನು ಎರವಲು ತಂದ ಕನೂ, ಇಬ್ಬರೇ ಕೂರುವ ಸಪೂರ ದೋಣಿ, ಕಾಳು ಬಿಡಿಸಿದ ಅವರೆಕಾಯಿ ಸಿಪ್ಪೆಯ ಹಾಗೆ ಕೂತಿತ್ತು.

ಪಿಳ್ಳಮ್ಮ ಹೆಣ್ಣು ನೋಡಲು ಬಂದವಳಂತೆ ದಡವನ್ನು ಮೇಲಿಂದ ಕೆಳಗೆ ನೋಡಿದಳು.

"ನೆಲ ಇಳಿಜಾರು. ಮಲಗಿದ್ರೆ ಉರುಳ್ಕೊಂಡು ನೀರಿಗೇ."

"ಆ ಹೊಂಗೆ ಮರದ ಕೆಳಗೆ ಸಮ ಇದೆ, ಅತ್ತೆ."

"ಆವು ಬಂದ್ರೆ?"

"ಹಾವು ಬರದಂಗೆ ಟೆಂಟಿನ ಸುತ್ತ ಕಾಲುವೆ ತೋಡಿ ನೀರು ಬಿಡ್ತೀವಮ್ಮ," ಎಂದ ಲಕ್ಷ್ಮಣಪ್ಪ.

"ಯಾಕೆ, ಆವಿಗೆ ಈಜು ಬರಕಿಲ್ವಾ?"

ಅಷ್ಟರಲ್ಲಿ ಪಕ್ಕದ ಊರಿನ ಜನವೂ ಸೇರಿತ್ತು. ಲಕ್ಷ್ಮಣಪ್ಪ ವ್ಯಾನಿನಿಂದ ಇಳಿಸಿ ದಡಕ್ಕೆ ತಂದ ದೋಣಿಗೆ ಆ ಊರಿನ ಹಿರಿಯಳು ಮುನಿಯಕ್ಕ ಕೈ ಅಡ್ಡ ಹಿಡಿದಳು.

"ಗಂಗಮ್ಮನ ನೀರಿದು. ಒಸ ದೋಣಿ ಇಳಿಸಾದಾದ್ರೆ ಮೊದ್ಲು ಮುತ್ತೈದೆಗೆ ಮಡ್ಲಕ್ಕಿ ತುಂಬಿ ಕೂರಿಸ್ಬೇಕು."

"ನಾನೇ ಕೂತ್ರೆ ಆಗಲ್ವಾ?" ಎಂದ ಲಕ್ಷ್ಮಣಪ್ಪ.

"ನಿಂಗೆ ಮಡ್ಲೆಲ್ಲೈತಪ್ಪ? ಇರಾದು ಒಟ್ಟೆ!"

ಯಾರೋ ಓಡಿಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದರು. ಮುನಿಯಕ್ಕ ತನ್ನ ಕೈಯಾರೆ ಅಂಜಿನಮ್ಮನ ಮಡಿಲು ತುಂಬಿ, ಮೊರವನ್ನೂ ಕೈಗಿಟ್ಟು ದೋಣಿಯಲ್ಲಿ ಕೂರಿಸಿದಳು. ಲಕ್ಷ್ಮಣಪ್ಪ ಹುಟ್ಟು ಹಿಡಿದು ಒಂದು ಕಾಲು ಒಳಗಿಟ್ಟ. ಇನ್ನೊಂದು ಕಾಲು ಕೆಸರಲ್ಲಿ ಜಾರಿತು. ಅವನು ಎಮ್ಮೆಯಂತೆ ದೊಪ್ಪನೆ ಬಿದ್ದ. ಬಿದ್ದ ರಭಸಕ್ಕೆ ದೋಣಿ ಅಂಜಿನಮ್ಮನನ್ನು ಹೊತ್ತು ನೀರಿಗೆ ನುಗ್ಗಿತು.

ಹುಟ್ಟು ದಡದಲ್ಲೇ ಉಳಿಯಿತು. ಗಾಳಿ ದೋಣಿಯನ್ನು ಕೋಡಿಯತ್ತ ತಳ್ಳುತ್ತಿತ್ತು. ಆ ವರ್ಷ ಕೆರೆ ತುಂಬಿ ಕೋಡಿಯ ಮೇಲೆ ನೀರು ಧುಮ್ಮಿಕ್ಕುತ್ತಿತ್ತು. ಅಲುಗಿದರೆ ದೋಣಿ ವಾಲುತ್ತಿತ್ತು, ಅಲುಗದಿದ್ದರೆ ಕೋಡಿ ಹತ್ತಿರವಾಗುತ್ತಿತ್ತು.

"ಅಂಜಿನೀ!" ಪಿಳ್ಳಮ್ಮ ಏರಿಯ ಮೇಲೆ ಓಡುತ್ತಾ ಚೀರಿದಳು.

ಅಂಜಿನಮ್ಮನಿಗೆ ಕೂಗಬೇಕೆನಿಸಿತು. ಆದರೆ ಕೂಗಿದರೆ ಶಿಬಿರ ಮುಗಿದಂತೆ. ಸಾಯುವುದಕ್ಕಿಂತ ಆ ಯೋಚನೆಯೇ ಅವಳನ್ನು ಹೆಚ್ಚು ಹೆದರಿಸಿತು. ಕಣ್ಣಲ್ಲಿ ನೀರು ತುಂಬಿದ್ದರೂ ಹಲ್ಲು ಬಿಟ್ಟು ನಕ್ಕು, ದಡದತ್ತ ಕೈ ಬೀಸಿದಳು. ಆಮೇಲೆ ಮೊರ ಎತ್ತಿಕೊಂಡಳು. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ರಾಗಿ ಕೇರುವ ಅದೇ ತೋಳುಗಳಲ್ಲಿ ಕೆರೆಯನ್ನೇ ಕೇರತೊಡಗಿದಳು. ಕೋಡಿಯ ಕಲ್ಲು ಕೈಗೆಟುಕುವಷ್ಟು ಹತ್ತಿರ ಬಂದು, ಮೆಲ್ಲಗೆ ದೂರವಾಯಿತು.

ದೋಣಿ ದಡ ಮುಟ್ಟಿದಾಗ ಮೊರದಲ್ಲಿ ಉಳಿದದ್ದು ಅಂಚು ಮಾತ್ರ.

"ಜಾಗ ಚೆನ್ನಾಗಿದೆ, ಅತ್ತೆ. ಏನೂ ಭಯವಿಲ್ಲ," ಎಂದಳು, ಮುರಿದ ಮೊರವನ್ನು ಬೆನ್ನ ಹಿಂದೆ ಅಡಗಿಸುತ್ತಾ.

"ಗಂಗಮ್ಮ ಒಪ್ಪವ್ಳೆ!" ಮುನಿಯಕ್ಕ ಅವಳ ಕೆನ್ನೆ ಸವರಿದಳು. "ಮಡ್ಲು ತುಂಬಿದ್ಮೇಲೆ ಇವ್ಳು ನಮ್ಮೂರ ಮಗ್ಳು ಕಣಮ್ಮ. ಕಳ್ಸು, ನಾನ್ ನೋಡ್ಕೊತೀನಿ."

ಪಿಳ್ಳಮ್ಮ ಸೊಸೆಯ ಒದ್ದೆ ಮುಖವನ್ನು ಸೆರಗಿನಿಂದ ಒರೆಸಿದಳು. "ತವರಿಗೆ ಕಳಿಸ್ದಂಗೇ ಆಯ್ತು ಬಿಡು. ಓಗ್ಲಿ."

ಅಂಜಿನಮ್ಮನಿಗೆ ಕುಣಿಯುವಂತಾಯಿತು.

"ತವರಿಗೆ ಬಂದ ಮಗ್ಳು ಬಯಲಲ್ಲಿ ಬಟ್ಟೆ ಗುಡಾರದಾಗೆ ಮಲಗಾದುಂಟಾ?" ಮುನಿಯಕ್ಕ ಮುಂದುವರಿಸಿದಳು. "ಟೆಂಟು ಮಿಕ್ಕೋರಿಗಿರ್ಲಿ. ಇವ್ಳು ನಮ್ಮನೇಲಿ. ಮೊದ್ಲ ಸಲ ಮಗ್ಳು ಬರೋವಾಗ ಬೀಗ್ರಿಲ್ದೆ ಬಂದ್ರೆ ಊರೋರು ಏನಂದಾರು? ಎಲ್ಲಾರೂ ಬರ್ಬೇಕು. ಅಳಿಯಂದ್ರನ್ನೂ ಕರ್ಕೊಂಬಾ."

ಪಿಳ್ಳಮ್ಮನ ಮುಖ ದೀಪ ಹಚ್ಚಿಟ್ಟಂತಾಯಿತು. ಅವಳನ್ನೂ ಈವರೆಗೆ ಯಾರೂ ಎಲ್ಲಿಗೂ ಕರೆದಿರಲಿಲ್ಲ.

"ನಂದೊಂದೇ ಯೋಚ್ನೆ ಬೀಗ್ತಿ," ಮುನಿಯಕ್ಕ ದನಿ ತಗ್ಗಿಸಿದಳು. "ನಮ್ಮನೇಲಿ ಬಚ್ಚಲ ಒಲೆ ಚಿಕ್ಕದು. ಬೆಳಿಗ್ಗೆ ನಿಮ್ಗೆ ಬಿಸಿನೀರು ಬೇಕಾಯ್ತದಾ?"

"ಅದ್ಕೆ ನೀವ್ಯಾಕೆ ಯೋಚ್ನೆ ಮಾಡ್ತೀರಿ?" ಪಿಳ್ಳಮ್ಮ ಸೊಸೆಯ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟಳು. "ನಮ್ಮ ಅಂಜಿನಿ ಇದಾಳಲ್ಲ!"