ಆರು ತಾಯಿತ, ಒಬ್ಬ ದೊರೆ

ನನ್ನ ತಂಗಿ ನಿಂಗಮ್ಮನ ಮದುವೆಯ ಒಡವೆಯನ್ನು ನಾನೇ ಮಾಡುತ್ತೇನೆ ಎಂದು ಘೋಷಿಸಿದಾಗ ನನ್ನ ಹೆಂಡತಿ ಗೌರಮ್ಮ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲು ನಿಂತಿತು.

"ಯಾಕ್ರೀ, ಅಕ್ಕಸಾಲಿ ಸತ್ತೋದ್ನಾ?" ಎಂದಳು.

ಸತ್ತಿರಲಿಲ್ಲ. ಚನ್ನಪಟ್ಟಣದ ಪೇಟೆಯಲ್ಲಿ ಗಟ್ಟಿಮುಟ್ಟಾಗಿಯೇ ಇದ್ದ. ಆದರೆ ಅವನು ಮಾಡುತ್ತಿದ್ದದ್ದು ಅವನಪ್ಪ ಮಾಡಿದ್ದನ್ನು, ಅವನಪ್ಪ ಮಾಡಿದ್ದು ಅವನಜ್ಜ ಮಾಡಿದ್ದನ್ನು. ಎಡಕ್ಕೆ ಒಂದು ಹೂ ಬಂದರೆ ಬಲಕ್ಕೂ ಒಂದು ಹೂ! ನಾನೋ, ಮಿಡಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬೆಂಗಳೂರು ದಂಡಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ವಿಲಾಯಿತಿ ಪತ್ರಿಕೆಯ ಹರಿದ ಪುಟ ನೋಡಿ ಬಂದಿದ್ದೆ. ಅದರಲ್ಲಿ ಒಬ್ಬ ದೊರೆಸಾನಿ. ಅವಳ ಕೊರಳಲ್ಲಿ ಒಂದು ಸರಪಣಿ, ಅದರ ತುಂಬ ಹಳೆಯ ಲಾಕೆಟ್ಟುಗಳು, ಒಂದರಂತೆ ಇನ್ನೊಂದಿಲ್ಲ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಆ ಪುಟವನ್ನು ಕೊಂಡೆ. ಅಂಗಡಿಯವನ ಬಳಿಯಿದ್ದ ಒಂದು ಲಾಕೆಟ್ಟನ್ನೂ ಕೊಂಡೆ. ಮುಚ್ಚಳ ಕಿಲುಬು ಹಿಡಿದು ತೆರೆಯುತ್ತಿರಲಿಲ್ಲ. ತೆರೆಯದಿದ್ದರೇನು, ಮೇಲಿನ ಕೆತ್ತನೆ ಚೆನ್ನಾಗಿತ್ತು!

ಈ ಸಂಗತಿಯನ್ನು ನಾನು ಹಲವು ಸಲ ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬುದ್ಧಿವಂತನಾಗುತ್ತ ಬಂದಿದ್ದೇನೆ. ಈ ಸಲ ಬರೆಯುವಾಗ ಗೌರಮ್ಮ ಪಕ್ಕದಲ್ಲೇ ಕೂತು ಹುರುಳಿಕಾಳು ಆರಿಸುತ್ತಿದ್ದಾಳೆ. ಆದ್ದರಿಂದ ಆ ಅವಕಾಶವಿಲ್ಲ.

ನಿಂಗಮ್ಮ ನನಗಿಂತ ಬಹಳ ಚಿಕ್ಕವಳು. ಅಪ್ಪ, ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದ ಮೇಲೆ ಅವಳನ್ನು ಬೆಳೆಸಿದವರು ನಾವು. ನಮಗೆ ಮಕ್ಕಳಿಲ್ಲ. ಗಂಡಹೆಂಡಿರಾಗಿ ನಾವು ಒಂದು ಹೆಣ್ಣನ್ನು ಧಾರೆ ಎರೆದು ಕೊಡುವುದಿದ್ದರೆ ಅದು ಇವಳನ್ನೇ. ಇನ್ನೊಂದು ಸಲ ಆ ಪುಣ್ಯ ನಮಗೆ ಬರುವಂತಿರಲಿಲ್ಲ. ಗೌರಮ್ಮ ಧಾರೆಗೆಂದು ಒಂದು ತಾಮ್ರದ ಗಿಂಡಿಯನ್ನು ಆರು ತಿಂಗಳಿಂದ ತಿಕ್ಕುತ್ತಿದ್ದಳು. ಗಂಡಿನ ಮನೆ ಮಾಗಡಿಯಲ್ಲಿ. ಒಳ್ಳೆಯ ಬೇಸಾಯಗಾರರು. ಅವರು ಒಡವೆ ವಿಷಯದಲ್ಲಿ ಏನನ್ನೂ ಕೇಳಿರಲಿಲ್ಲ. "ನಿಮ್ಮವ್ವುಂದು ಗುಂಡಿನ ಸರ ಐತಂತಲ್ಲ, ಅದೊಂದು ಹಾಕ್ಕಂಡ್ ಬಂದ್ರೆ ಸಾಕು" ಎಂದಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಬರಹ ಬರೆಯುವ ಪ್ರಮೇಯವೇ ಇರಲಿಲ್ಲ.

ಲಾಕೆಟ್ಟುಗಳು ನಮ್ಮ ಕಡೆ ಎಲ್ಲಿ ಸಿಗಬೇಕು? ಯೋಚಿಸಿದೆ. ತಾಯಿತಗಳು ಸಿಗುತ್ತವಲ್ಲ! ಉದ್ದದ್ದು, ಚೌಕದ್ದು, ಹೀರೇಕಾಯಿಯಂತೆ ಗೀರುಗೀರಾದದ್ದು, ಎಂಥೆಂಥ ಹಳೆಯ ಬೆಳ್ಳಿಯ ಕೆಲಸ! ಯಾರೂ ತೊಡದೆ ಪೆಟ್ಟಿಗೆಯ ಮೂಲೆಯಲ್ಲಿ ಕಪ್ಪಾಗುತ್ತ ಬಿದ್ದಿರುತ್ತವೆ. ನೆಂಟರ ಮನೆಗಳನ್ನು ಸುತ್ತಿದೆ. ಅವರ ಔದಾರ್ಯವನ್ನು ಏನೆಂದು ಹೇಳಲಿ! ತಿಪ್ಪಸಂದ್ರದ ನಮ್ಮ ಸಣ್ಣತ್ತೆ ಒಂದು ಉಪ್ಪಿನಕಾಯಿ ಕೊಡಬೇಕಾದರೂ ಎರಡು ಸಲ ಯೋಚಿಸುವವಳು. ಅವಳು ತಾಯಿತವನ್ನು ಇಕ್ಕುಳದಲ್ಲಿ ಹಿಡಿದು ತಂದು ನನ್ನ ಕರವಸ್ತ್ರದೊಳಕ್ಕೆ ಹಾಕಿದಳು.

"ತಗಂಡೋಗಪ್ಪ, ತಗಂಡೋಗು. ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದು ಬಾಗಿಲು ಹಾಕಿಕೊಂಡಳು.

ಕನಕಪುರದ ದಾಯಾದಿಯೊಬ್ಬ ಎರಡು ಕೊಟ್ಟ. ಊರ ಗಡಿಯವರೆಗೂ ನಡೆದು ಬಂದು ಬೀಳ್ಕೊಟ್ಟ. "ವಾಪಸ್ ತರ್ಬ್ಯಾಡ ಕಣ್ಲಾ" ಎಂದು ಮೂರು ಸಲ ಹೇಳಿದ. ಕಲೆಯ ಮೇಲೆ ನಮ್ಮ ಜನಕ್ಕೆ ಇಷ್ಟೊಂದು ಪ್ರೀತಿಯಿದೆಯೆಂದು ನಾನು ತಿಳಿದೇ ಇರಲಿಲ್ಲ! ಒಟ್ಟು ಆರು ತಾಯಿತ ಸೇರಿದವು.

"ಎಂಟು" ಎಂದಳು ಗೌರಮ್ಮ, ಹುರುಳಿಯಿಂದ ಕಲ್ಲು ತೆಗೆಯುತ್ತ.

ನನ್ನ ನೆನಪಿನಲ್ಲಿ ಆರು. ಆರೆಂದೇ ಬರೆಯುತ್ತೇನೆ.

ತಾಯಿತಗಳ ನಡುವೆ ಪೋಣಿಸಲು ಬಣ್ಣದ ಮಣಿ ಬೇಕಾಗಿತ್ತು. ಗೊಂಬೆ ಕಡೆಯುವ ಹುಸೇನ್ ಸಾಬರ ಬಳಿಗೆ ಹೋದೆ. ತಿರುಗಣೆಯಲ್ಲಿ ಹಾಲೆ ಮರದ ತುಂಡು ತಿರುಗುತ್ತಿತ್ತು. ಸಾಬರು ಅದಕ್ಕೆ ಕೆಂಪು ಅರಗಿನ ಕಡ್ಡಿ ಹಿಡಿದಿದ್ದರು. ನಾನು ಕರವಸ್ತ್ರ ಬಿಚ್ಚಿದೆ.

"ಮೇಷ್ಟ್ರೇ, ಮಣಿ ಎಷ್ಟು ಬೇಕೋ ಕಡ್ದು ಕೊಡ್ತೀನಿ. ಆದ್ರೆ ಈ ತಾಯ್ತ ನನ್ನ ಅಂಗಡೀಲಿ ಇಡ್ಬ್ಯಾಡಿ" ಎಂದರು.

"ಯಾಕೆ ಸಾಬರೇ?"

"ಯಾರ್ಯಾರ ಕಷ್ಟ ಕಟ್ಟವ್ರೋ ಒಳಗೆ. ಅಲ್ಲಾನೇ ಬಲ್ಲ."

"ಅಷ್ಟೇ ತಾನೆ? ಬಿಚ್ಚಿ ತೊಳೆದುಬಿಡುತ್ತೇನೆ!"

ಸಾಬರು ಅರಗಿನ ಕಡ್ಡಿಯನ್ನು ಕೆಳಗಿಟ್ಟರು. ಆಮೇಲೆ ಅವರು ನನ್ನನ್ನು ನೋಡಿದ ನೋಟ, ಮೂರು ದಿನದಿಂದ ಜ್ವರ ಬಿಡದ ಮಗುವನ್ನು ನೋಡುವ ನೋಟ.

ಮನೆಗೆ ಬಂದು ಆರನ್ನೂ ಬಿಚ್ಚಿದೆ. ಒಂದರಲ್ಲಿ ಬೂದಿ. ಒಂದರಲ್ಲಿ ಸುರುಳಿ ಸುತ್ತಿದ ತಾಳೆಗರಿಯ ಚೂರು. ಒಂದರಲ್ಲಿ ಕರಡಿ ಕೂದಲು. ಒಂದರಲ್ಲಿ ಯಾವುದೋ ಬೇರು. ಇನ್ನೆರಡರಲ್ಲಿ ಏನಿತ್ತೋ, ಗಾಳಿಗೆ ಹಾರಿಹೋಯಿತು. ಉಳಿದದ್ದನ್ನು ಹಿತ್ತಿಲ ತಿಪ್ಪೆಗೆ ಸುರಿದೆ. ತಾಯಿತಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಟುವಾಳದ ನೊರೆಯಲ್ಲಿ ತೊಳೆದು, ಬಿಸಿಲಿಗೆ ಒಡ್ಡಿದೆ. ಫಳಫಳ ಹೊಳೆದವು!

ಅಕ್ಕಸಾಲಿ ಅವನ್ನು ಬೆಸೆದುಕೊಡಲು ಒಪ್ಪಲಿಲ್ಲ. ಹೊಸತನ್ನು ಕಂಡರೆ ಅವನಿಗೆ ಭಯ ಎಂದುಕೊಂಡು ನಾನೇ ಊದುಗೊಳವೆ ಹಿಡಿದೆ. ಮೂರು ಬೆರಳು ಸುಟ್ಟವು. ಹುಬ್ಬೊಂದು ಅರ್ಧ ಹೋಯಿತು. ಇಷ್ಟಾಗಿಯೂ ಏನೋ ಕೊರತೆ. ಚಿನ್ನದ ಮಿಂಚು ಇರಲಿಲ್ಲ. ಆಗ ಅವ್ವನ ಗುಂಡಿನ ಸರವನ್ನು ತೆಗೆದುಕೊಂಡು ದಾರ ಕತ್ತರಿಸಿದೆ. ಗುಂಡುಗಳನ್ನು ಇಲ್ಲೊಂದು, ಅಲ್ಲಿ ಮೂರು, ಇನ್ನೊಂದೆಡೆ ಒಂದೂ ಇಲ್ಲ ಎಂಬಂತೆ ಸೇರಿಸಿದೆ. ಮಿಕ್ಕವನ್ನು ತಂತಿಗಾಗಿ ಕರಗಿಸಿದೆ. ವಿಲಾಯಿತಿ ಲಾಕೆಟ್ಟನ್ನು ನಡುವಿಗೆ ಇಡಲಿಲ್ಲ, ಬೇಕೆಂದೇ ಓರೆಗೆ ಇಟ್ಟೆ. ಸರ ಮುಗಿದಾಗ ಇದನ್ನು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕಳಿಸದೆ ಮಾಗಡಿಗೆ ಕಳಿಸುತ್ತಿದ್ದೇನಲ್ಲ ಎಂದು ನನಗೆ ನಿಜವಾಗಿಯೂ ದುಃಖವಾಯಿತು.

ನಿಂಗಮ್ಮ ಕನ್ನಡಿಯ ಮುಂದೆ ನಿಂತು ಹಾಕಿಕೊಂಡಳು.

"ಹೇಗಿದೆ?" ಎಂದೆ.

"ಭಾರ ಐತೆ ಅಣ್ಣ."

"ಕಲೆಗೆ ಭಾರ ಇದ್ದೇ ಇರುತ್ತದೆ."

ಅವಳು ಬೆರಳಿನಿಂದ ಸರದಲ್ಲಿ ಏನನ್ನೋ ಹುಡುಕುತ್ತಿದ್ದಳು. "ಅವ್ವನ ಗುಂಡು ಇಷ್ಟೇನಾ ಇದ್ದದ್ದು?" ಎಂದಳು. ನಾನು ಕೇಳಿಸದವನಂತೆ ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚಿಕೊಂಡೆ.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲೇ. ಹೆಣ್ಣನ್ನು ಗಾಡಿಯಲ್ಲಿ ಕೂರಿಸಿಕೊಂಡು ಕ್ಲೋಸ್‌ಪೇಟೆಯ ಬಂಡೆಗಳನ್ನು ದಾಟಿ ಮಾಗಡಿ ಸೇರಿದೆವು. ಬೆಳಿಗ್ಗೆ ಚಪ್ಪರದಲ್ಲಿ ನಿಂಗಮ್ಮನನ್ನು ತಂದು ನಿಲ್ಲಿಸಿದರು. ಮಾತು ನಿಂತಿತು. ವಾಲಗದವರೂ ಅರೆಗಳಿಗೆ ನಿಲ್ಲಿಸಿದರೆಂದು ನನ್ನ ನೆನಪು. ನೆನಪು ಹೀಗೆ ತನಗೆ ಬೇಕಾದ ಕಡೆಯಲ್ಲಿ ವಾಲಗ ನಿಲ್ಲಿಸುತ್ತದೆ, ಅದನ್ನು ನಂಬಬೇಡಿ.

ಗಂಡಿನ ಅಜ್ಜಿ ಚೆಲುವಜ್ಜಿ ಹತ್ತಿರ ಬಂದಳು. ಕಣ್ಣು ಮಂದ. ಕೈಯಾಡಿಸಿ ನೋಡಿದಳು.

"ಏನವ್ವ ಇದು, ಎತ್ತಿನ್ ಕೊಳ್ ಗೆಜ್ಜೆ ಇದ್ದಂಗೈತೆ!"

"ಅಜ್ಜೀ, ಇದು ಹೊಸ ಬಗೆಯ ಒಡವೆ" ಎಂದು ನಾನು ಮುಂದೆ ಬಂದೆ.

"ಹೊಸದಾ? ಹಳೇ ಸಾಮಾನ್ ಅಲ್ವೇನಪ್ಪ ಎಲ್ಲಾ?"

"ಹಳೆಯದನ್ನೇ ಹೊಸದಾಗಿ ಜೋಡಿಸಿದ್ದು."

"ಹಂಗಾರೆ ನಿಂಗೆ ನೆನ್ನೆ ಮುದ್ದೆ ಜೋಡ್ಸಿ ಇಕ್ಸ್ಲಾ?"

ಚಪ್ಪರವೆಲ್ಲ ನಕ್ಕಿತು. ನಾನೂ ನಕ್ಕೆ. ಅದೇ ನನ್ನ ಕೊನೆಯ ನಗು. ಅಷ್ಟರಲ್ಲಿ ಅಜ್ಜಿಯ ಉಗುರು ಲಾಕೆಟ್ಟಿನ ಸಂದಿಗೆ ಹೊಕ್ಕಿತು. ನನಗೆ ಚಾಕು, ಉಳಿ, ಎಣ್ಣೆ ಯಾವುದಕ್ಕೂ ಜಗ್ಗದ ಮುಚ್ಚಳ ಟಪ್ಪೆಂದು ತೆರೆಯಿತು! ಒಳಗೊಬ್ಬ ಕೆಂಪು ಮುಖದ ದೊರೆ, ಹುರಿಮೀಸೆ ಬಿಟ್ಟುಕೊಂಡು ನನ್ನ ತಂಗಿಯ ಎದೆಯ ಮೇಲಿಂದ ಬೀಗರನ್ನೆಲ್ಲ ನೋಡುತ್ತಿದ್ದ.

ಗಂಡಿನ ತಂದೆ ಬಗ್ಗಿ ನೋಡಿದರು. "ಮೇಷ್ಟ್ರೇ, ಇವ್ರ್ಯಾರು? ನಿಮ್ ಕಡೇರಾ?"

"ಗೊತ್ತಿಲ್ಲ" ಎಂದೆ. ಸತ್ಯವನ್ನೇ ಹೇಳಿದ್ದೆ!

"ಗೊತ್ತಿಲ್ದಿರೋ ಗಂಡಸ್ನ ಹೆಣ್ಣಿನ್ ಎದೆಮ್ಯಾಲೆ ಕೂರ್ಸ್ಕಂಡ್ ಬಂದವ್ರಲ್ಲಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಸತ್ಯ ಫಲಿಸದ್ದನ್ನು ಕಂಡು ಸುಳ್ಳಿಗೆ ಕೈ ಹಾಕಿದೆ. "ಇವರು... ಇವರು ಇಂಗ್ಲೆಂಡಿನ ಚಕ್ರವರ್ತಿಗಳು!"

ಚಪ್ಪರ ತಣ್ಣಗಾಯಿತು. ಊರ ಪಟೇಲರು ರುಮಾಲನ್ನು ಸರಿಪಡಿಸಿಕೊಂಡು ಎದ್ದು ನಿಂತರು. ಉಳಿದೆ ಎಂದುಕೊಂಡೆ. ಆದರೆ ಪಟೇಲರು ವಿಚಾರವಂತರು. ಸೊಂಟದಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ದೊರೆಯ ಪಕ್ಕಕ್ಕೆ ಹಿಡಿದು, ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನೋಡಿದರು.

"ಚಕ್ರವರ್ತಿಗಳ್ಗೆ ಗಡ್ಡ ಐತೆ. ಇವ್ನಿಗಿಲ್ಲ" ಎಂದು ತೀರ್ಪು ಕೊಟ್ಟರು.

ಈ ಸಂಕಟದಲ್ಲಿ ನನಗೆ ನೆರವಾಗಲು ಬಂದವಳು ತಿಪ್ಪಸಂದ್ರದ ಸಣ್ಣತ್ತೆ. "ಹೋಗ್ಲಿ ಬುಡ್ರಪ್ಪ, ಅದೊಂದ್ ಕಿತ್ತಾಕಿದ್ರಾಯ್ತು. ಹುಡ್ಗಿ ಬಾಳ ಒಳ್ಳೇವ್ಳು..." ಎನ್ನುತ್ತ ಲಾಕೆಟ್ಟಿಗೆ ಕೈ ಹಾಕಿದವಳು ಪಕ್ಕದ ತಾಯಿತವನ್ನು ನೋಡಿ ಕೈ ಹಿಂದೆಳೆದುಕೊಂಡಳು.

"ಅಯ್ಯಯ್ಯೋ! ಇದು ನಮ್ಮತ್ತೇಗೆ ಬಾವಿತಾವ ಪೀಡೆ ಹಿಡ್ಕಂಡಾಗ ಕಟ್ಟಿದ್ದ ತಾಯ್ತ! ಕರಗುಸ್ತೀಯ ಅಂದ್ಕಂಡ್ ಕೊಟ್ಟೆ ಕಣಪ್ಪ. ಹೆಣ್ಣಿನ್ ಕತ್ಗೆ ಹಾಕ್ತೀಯ ಅಂತ ಯಾರ್ ಕಂಡಿದ್ರು!"

ಆಗ ನನಗೆ ಎಲ್ಲ ತಿಳಿಯಿತು. ಆ ತಾಯಿತಗಳನ್ನು ಎಸೆಯುವಂತಿಲ್ಲ, ತೊಡುವಂತಿಲ್ಲ, ಮನೆಯಲ್ಲಿ ಇಡಲು ಮನಸ್ಸಿಲ್ಲ. ಒಬ್ಬ ದಡ್ಡ ಬರಲೆಂದು ನನ್ನ ನೆಂಟರೆಲ್ಲ ವರ್ಷಗಟ್ಟಲೆ ಕಾದಿದ್ದರು! ಕನಕಪುರದ ದಾಯಾದಿ ಗಾಡಿಯ ಮರೆಗೆ ಸರಿಯುತ್ತಿದ್ದ. ಅವನನ್ನು ಹಿಡಿದು ತಂದು ಕೇಳಿದರು. ಒಂದು ಅವನ ಚಿಕ್ಕಜ್ಜ ಸ್ಮಶಾನದಲ್ಲಿ ಹೆದರಿಕೊಂಡಾಗ ಕಟ್ಟಿದ್ದು. ಇನ್ನೊಂದರ ವಿಷಯ ಹೆಂಗಸರ ಮುಂದೆ ಹೇಳಲಾರೆ ಎಂದ.

"ಆರು ಪೀಡೆ ಹೊತ್ಕಂಡ್ ಬಂದೈತೆ ಹೆಣ್ಣು!" ಎಂದು ಗಂಡಿನ ಕಡೆಯವರು ದೂರ ಸರಿದರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸರ ತೆಗೆದಿಟ್ಟು ಮದುವೆ ನಡೆಯುತ್ತಿತ್ತು. ನಾನು ಮುಚ್ಚಿಕೊಳ್ಳಲಿಲ್ಲ. ವಿದ್ಯಾವಂತ ನೋಡಿ! ಕೈಯೆತ್ತಿ ಗಟ್ಟಿಯಾಗಿ ಹೇಳಿದೆ.

"ಮಹಾಜನರೇ, ಗಾಬರಿ ಬೇಡ. ಒಳಗೆ ಏನೂ ಇಲ್ಲ! ಆರನ್ನೂ ನಾನೇ ನನ್ನ ಕೈಯಾರೆ ಬಿಚ್ಚಿ, ಇದ್ದದ್ದನ್ನೆಲ್ಲ ಹೊರಕ್ಕೆ ಹಾಕಿದ್ದೇನೆ!"

ಹೆಂಗಸರು ಮಕ್ಕಳನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಹೊರ‍್ಕೆ?" ಎಂದಳು ಚೆಲುವಜ್ಜಿ. "ಹಂಗಾರೆ ಈಗ ಎಲ್ಲವೆ ಅವು?"

ಎಲ್ಲರೂ ಚಪ್ಪರದ ಮೇಲಕ್ಕೆ ನೋಡಿದರು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ನೋಡಿದೆ.

ಕೊನೆಗೆ ಅಜ್ಜಿಯೇ ದಾರಿ ಹೇಳಿದಳು. "ಬಿಚ್ದೋನೇ ಕಟ್ಕಬೇಕು. ಅವು ಬಂದ್ರೆ ತಮ್ಮನೆ ಹುಡೀಕ್ಕಂಡ್ ಬತ್ತವೆ. ಸರ ಮೇಷ್ಟ್ರ ಕತ್ಗಾಕಿ, ಚಪ್ಪರದಿಂದಾಚೆ ಕೂರ್ಸಿ. ತಾಳಿ ಬೀಳೋಗಂಟ ಒಳೀಕ್ ಬರ್ಬ್ಯಾಡ."

"ಧಾರೆ?" ಎಂದೆ.

"ಪೀಡೆ ಕಟ್ಕಂಡೋನು ಧಾರೆ ಎರೀತಾನೇನಪ್ಪ?"

ಸರವನ್ನು ನನ್ನ ಕೊರಳಿಗೆ ಹಾಕಿದರು. ಹುಣಸೆ ಮರದ ಕೆಳಗೆ, ಗಾಡಿ ಎತ್ತುಗಳ ಪಕ್ಕದಲ್ಲಿ ಕೂರಿಸಿದರು. ನಿಂಗಮ್ಮ ಹೇಳಿದ್ದು ನಿಜ, ಭಾರವಾಗಿತ್ತು. ಗೌರಮ್ಮ ಗಿಂಡಿ ಹಿಡಿದುಕೊಂಡು ಚಪ್ಪರದ ಅಂಚಿನವರೆಗೆ ಹೋದಳು. ಗಂಡನಿಲ್ಲದೆ ಒಬ್ಬಳೇ ಎರೆಯುವಂತಿಲ್ಲ. ಅದನ್ನು ಸಣ್ಣತ್ತೆಯ ಕೈಗೆ ಕೊಟ್ಟು, ತಿರುಗಿ ಬಂದು, ನನ್ನಿಂದ ಮಾರು ದೂರದಲ್ಲಿ, ನನ್ನ ಕಡೆ ಬೆನ್ನು ಮಾಡಿ ಕೂತಳು. ಬಾವಿ ಪೀಡೆಯನ್ನು ನನಗೆ ದಾಟಿಸಿದ ಸಣ್ಣತ್ತೆಯೂ ಅವಳ ಗಂಡನೂ ನನ್ನ ತಂಗಿಯನ್ನು ಧಾರೆ ಎರೆದು ಕೊಟ್ಟರು.

ತಂಗಿಯ ಬರಿದಾದ ಕೊರಳಿಗೆ ಅಜ್ಜಿ ತನ್ನ ಕೊರಳ ಗುಂಡಿನ ಸರವನ್ನೇ ತೆಗೆದು ಹಾಕಿದ್ದಳು. ತಾಳಿ ಬಿದ್ದ ಮೇಲೆ ನಿಂಗಮ್ಮ ಜನರ ನಡುವಿನಿಂದ ಕತ್ತು ಚಾಚಿ ಹುಣಸೆ ಮರದ ಕಡೆ ನೋಡಿದಳು. ನನ್ನನ್ನು ಕಂಡಳು. ಮೀಸೆ ದೊರೆಯನ್ನು ಎದೆಯ ಮೇಲೆ ಕೂರಿಸಿಕೊಂಡ ಅಣ್ಣನನ್ನು ಕಂಡು ನಕ್ಕುಬಿಟ್ಟಳು.

"ಅತ್ಳು" ಎಂದಳು ಗೌರಮ್ಮ. ಹುರುಳಿ ಆರಿಸುವುದನ್ನು ನಿಲ್ಲಿಸಿದ್ದಳು.

"ನಕ್ಕಳು. ನಾನು ಕಣ್ಣಾರೆ ಕಂಡೆ."

"ನಿಮ್ ಕಣ್ಣು ತುಂಬಿತ್ತು. ಏನ್ ಕಂಡ್ರೋ."

ಇಬ್ಬರಲ್ಲಿ ಯಾರದು ಸರಿಯೋ ನನಗೆ ಗೊತ್ತಿಲ್ಲ. ನಿಂಗಮ್ಮನನ್ನು ಕೇಳಿದರೆ ಗೊತ್ತಾಗುತ್ತದೆ. ಇಷ್ಟು ವರ್ಷವಾದರೂ ಕೇಳುವ ಧೈರ್ಯ ಬಂದಿಲ್ಲ.

ಊಟದ ಎಲೆಯೂ ನನಗೆ ಹುಣಸೆ ಮರದ ಕೆಳಕ್ಕೇ ಬಂತು. ಉಣ್ಣುತ್ತಿರುವಾಗ ಮಾಗಡಿಯ ಮುದುಕಿಯೊಬ್ಬಳು ಅತ್ತ ಇತ್ತ ನೋಡಿಕೊಂಡು ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ತಾಯಿತ ತೆಗೆದು ಎಲೆಯ ಪಕ್ಕದಲ್ಲಿ ಇಟ್ಟಳು.

"ಹೆಂಗೂ ಹಾಕ್ಕಂಡಿದ್ದೀರಲ್ಲ ಮೇಷ್ಟ್ರೇ, ಇದ್ನೂ ಒಸಿ ಸೇರುಸ್ಕಳಿ. ನಮ್ಮನೇಲಿ ಮಡೀಕಳಕ್ಕಾಗಲ್ಲ."

ಸಿಟ್ಟಿನಿಂದ ಎಸೆಯಲೆಂದೇ ಕೈಗೆತ್ತಿಕೊಂಡೆ. ಬೆಳಕಿಗೆ ಹಿಡಿದೆ. ತಿರುಗಿಸಿ ನೋಡಿದೆ.

ಏನು ಹೇಳಲಿ, ಅಂಚಿನ ಕೆತ್ತನೆ ಬಹಳ ಚೆನ್ನಾಗಿತ್ತು!