ಗೋಪಮ್ಮನ ಬೆರಳಿಗೆ ಅರಗಿನ ಮುದ್ರೆ

ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿಯಲ್ಲಿ, ದೇವದುರ್ಗ ತಾಲ್ಲೂಕು ಗಬ್ಬೂರಿನ ಕೂಲಿ ಹೆಂಗಸು ಗೋಪಮ್ಮ ಗಂಡ ತಾಯಣ್ಣ ಎಂಬುವಳ ರಕ್ತವನ್ನು ಸರ್ಕಾರಿ ಸ್ವತ್ತೆಂದು ಘೋಷಿಸಲಾಯಿತು. ಉಳಿದ ಗೋಪಮ್ಮ ಖಾಸಗಿಯಾಗಿಯೇ ಉಳಿದಳು. ಆಕೆಯ ಊಟ, ಬಟ್ಟೆ, ಜ್ವರ, ಕೆಮ್ಮು ಇವುಗಳಿಗೆ ಸರ್ಕಾರ ಹೊಣೆಯಲ್ಲವೆಂದು ಅದೇ ಆದೇಶದ ಕೊನೆಯಲ್ಲಿ ಸ್ಪಷ್ಟಪಡಿಸಲಾಗಿತ್ತು.

ಕಾರಣ ಸರಳವಾದದ್ದು. ಮಲೇರಿಯಾದವರು ಊರೆಲ್ಲರ ಬೆರಳು ಚುಚ್ಚಿ ರಕ್ತ ಒಯ್ದಿದ್ದರು. ಅದರಲ್ಲಿ ಗೋಪಮ್ಮನದು ದಾರಿ ತಪ್ಪಿ ಯಾವುದೋ ದೊಡ್ಡ ಪ್ರಯೋಗಾಲಯ ಸೇರಿತು. ಅಲ್ಲಿನ ವಿಜ್ಞಾನಿಗಳಿಗೆ ಅದರಲ್ಲೊಂದು ಪ್ರೋಟೀನು ಸಿಕ್ಕಿತು. ಅದು ಎಲ್ಲರ ರಕ್ತದಲ್ಲೂ ಚಿಟಿಕೆಯಷ್ಟು ಇರುತ್ತದಂತೆ, ಈಕೆಯಲ್ಲಿ ಮಾತ್ರ ಧಾರಾಳವಾಗಿತ್ತು. ಯಾಕಿದೆ, ಏನು ಮಾಡುತ್ತದೆ, ಒಬ್ಬರಿಗೂ ಗೊತ್ತಿಲ್ಲ. ಆದ್ದರಿಂದ, ಜೀವಕೋಶದಲ್ಲಿ ಸದರಿ ಪ್ರೋಟೀನಿನ ಕಾರ್ಯವೇನೆಂದು ತನಿಖೆ ನಡೆಸತಕ್ಕದ್ದು, ಅಲ್ಲಿಯವರೆಗೆ ಮೂಲವನ್ನು ಭದ್ರವಾಗಿಡತಕ್ಕದ್ದು ಎಂದು ಮೇಲಿನಿಂದ ಹುಕುಂ ಬಂತು.

ರಾಯಚೂರಿನಲ್ಲಿ ಅಕ್ಕಿ ಗಿರಣಿಯ ವಿರೂಪಣ್ಣನವರ ಮಾಳಿಗೆಯ ಮೇಲೆ ತನಿಖಾ ಕಚೇರಿ ತೆರೆಯಿತು. ನಾನು, ಕುತುಬುದ್ದೀನ್, ಅಲ್ಲಿ ಗುಮಾಸ್ತ. ನಮ್ಮ ಕಚೇರಿಯನ್ನು ನೋಡಿ ನಗುವವರಿದ್ದರು. ಅವರಿಗೆ ಬೇರೆ ಉದ್ಯೋಗವಿಲ್ಲ. ನಮ್ಮಲ್ಲಿ ಕಿಟಕಿಗೆ ಪರದೆ ಇತ್ತು, ಮೇಜಿನ ಮೇಲೆ ಗಂಟೆ ಇತ್ತು, ಗಂಟೆ ಬಾರಿಸಿದರೆ ಬರಲು ಜವಾನನಿದ್ದ. ಸೂಕ್ಷ್ಮದರ್ಶಕವೊಂದೇ ಬಂದಿರಲಿಲ್ಲ. ಅದು ಬರುವವರೆಗೆ ತನಿಖೆ ನಿಲ್ಲಬಾರದೆಂದು ನಾವು ಬರಿಗಣ್ಣಿನಿಂದ ನಡೆಸುತ್ತಿದ್ದೆವು.

ನಮ್ಮ ಸಾಹೇಬರು ಮರಿಸ್ವಾಮಿಯವರು ಅಬಕಾರಿ ಇಲಾಖೆಯಿಂದ ಬಂದವರು. ಸಿಂದಿ ಪೀಪಾಯಿಗಳಿಗೆ ಮುದ್ರೆ ಹಾಕುವುದರಲ್ಲೇ ತಲೆಗೂದಲು ಬೆಳ್ಳಗಾಗಿತ್ತು. ಮಾಲು ಎಲ್ಲಿಂದ ಹೊರಗೆ ಬರುತ್ತದೋ ಅಲ್ಲಿಗೆ ಬಟ್ಟೆ ಸುತ್ತು, ದಾರ ಕಟ್ಟು, ಗಂಟಿನ ಮೇಲೆ ಅರಗು ಸುರಿದು ಮೊಹರು ಒತ್ತು: ಭದ್ರವೆಂದರೆ ಅವರಿಗೆ ಇಷ್ಟೇ. ಗೋಪಮ್ಮನ ರಕ್ತ ಹೊರಗೆ ಬಂದದ್ದು ಎಡಗೈಯ ಉಂಗುರದ ಬೆರಳಿನಿಂದ. ಹಾಗಾಗಿ ಆ ಬೆರಳಿಗೆ ಬಟ್ಟೆ ಸುತ್ತಲಾಯಿತು. ಅರಗು ಕಾಸಿದವನು ನಾನೇ. ಗೋಪಮ್ಮ "ಸುಡ್ತದರೀ" ಎಂದಳು. ಮುದ್ರೆ ಹಾಕುವಾಗ ಮೂಲವು ಯಾವುದೇ ತಕರಾರು ಮಾಡಲಿಲ್ಲವೆಂದು ಪಂಚನಾಮೆಯಲ್ಲಿ ಬರೆದೆವು.

ತಿಂಗಳಿಗೊಮ್ಮೆ ನಾವು ಗಬ್ಬೂರಿಗೆ ಹೋಗಿ ಮುದ್ರೆ ಒಡೆದು, ಒಂದು ಹನಿ ತೆಗೆದು, ಮತ್ತೆ ಮುದ್ರೆ ಹಾಕಿ ಬರುತ್ತಿದ್ದೆವು. ಹನಿಯನ್ನು ಬೀರುವಿನಲ್ಲಿ ಇಡುತ್ತಿದ್ದೆವು. ಅದು ಒಣಗುತ್ತಿತ್ತು. ಒಣಗುವುದೇ ಪ್ರೋಟೀನಿನ ಕಾರ್ಯವಿರಬಹುದೇ ಎಂದು ಸಾಹೇಬರು ಕೆಲಕಾಲ ಯೋಚಿಸಿದ್ದುಂಟು. ಗೋಪಮ್ಮ ಕಟ್ಟಿದ ಬೆರಳಲ್ಲೇ ಶೇಂಗಾ ಹೊಲದ ಕಳೆ ತೆಗೆಯುತ್ತಿದ್ದಳು. ಸರೀಕ ಹೆಂಗಸರು ಮೊದಮೊದಲು ಆ ಬೆರಳು ತೋರಿಸಿ "ಸರ್ಕಾರಿ ಬಳ್ಳಿನ ಗೌಡಸಾನಿ ಬಂದಳವ್ವಾ" ಎಂದು ಕಾಡಿಸಿದರು, ಆಮೇಲೆ ಅವರಿಗೂ ಬೇಸರವಾಯಿತು.

ಹೀಗೆ ಸುರಳೀತವಾಗಿ ನಡೆದಿರುವಾಗ ಒಂದು ದಿನ ಗೋಪಮ್ಮ ಏದುಸಿರು ಬಿಡುತ್ತಾ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಮಗಳು ವೆಂಕಮ್ಮನಿಗೆ ಮಾನ್ವಿಯ ದವಾಖಾನೆಯಲ್ಲಿ ಹೆರಿಗೆಯಾಗಿತ್ತು. ಕೂಸು ಗಟ್ಟಿಮುಟ್ಟಾಗಿತ್ತು, ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ. ತಾಯಿಯ ರಕ್ತ ಹೊಂದುತ್ತದೆ, ಲಗೂನ ಕರೆತನ್ನಿ ಎಂದು ಡಾಕ್ಟರು ಹೇಳಿಕಳಿಸಿದ್ದರು.

"ಸಾಹೇಬ್ರ, ಇದನ್ನ ಬಿಚ್ಚಿ ಕೊಡ್ರಿ. ನನ್ನ ಮಗಳು ಸಾಯಾಕತ್ಯಾಳ," ಎಂದಳು.

ಸಾಹೇಬರು ಕಲ್ಲೆದೆಯವರಲ್ಲ. ಅವರಿಗೂ ಹೆಣ್ಣುಮಕ್ಕಳಿದ್ದರು. ಕೂಡಲೇ ನೀರು ತರಿಸಿ ಕೊಟ್ಟರು. ಆದರೆ ಸರ್ಕಾರಿ ಮಾಲನ್ನು ಹೊರಗಿನವರಿಗೆ ಕೊಡಬೇಕಾದರೆ ಬೆಂಗಳೂರಿನ ಅಪ್ಪಣೆ ಬೇಕು. ತಾರು ಕಳಿಸಿದೆವು. ಸಂಜೆಗೆ ಉತ್ತರ ಬಂತು: ವಿಷಯವು ಪರಿಶೀಲನೆಯಲ್ಲಿದೆ, ಬಾಣಂತಿಯು ಅಲ್ಲಿಯವರೆಗೆ ಯಥಾಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು.

ನಾನು ಇದನ್ನು ಓದಿ ಹೇಳಬೇಕೆಂದು ತಲೆ ಎತ್ತಿದರೆ ಬಾಗಿಲಲ್ಲಿ ಕೂತಿದ್ದ ಗೋಪಮ್ಮ ಇರಲಿಲ್ಲ. ಮಾನ್ವಿ ಬಸ್ಸಿನ ಕಡೆ ಓಡಿದ್ದಳು. ಸಾಹೇಬರು ಗಾಬರಿಯಾಗಿ, ಹೋಗು, ಏನಾದರೂ ಆಗಲಿ, ಮುದ್ರೆ ಕಾಯಿ ಎಂದು ನನ್ನನ್ನು ಆಕೆಯ ಹಿಂದೆ ಅಟ್ಟಿದರು. ನಾನು ಹಾರಿ ಬಸ್ಸು ಹಿಡಿದು ಆಕೆಯ ಪಕ್ಕದಲ್ಲೇ ನಿಂತೆ. ಮಾನ್ವಿ ಬರುವವರೆಗೂ ಆಕೆ ನನ್ನ ಮುಖ ನೋಡಲಿಲ್ಲ.

ದವಾಖಾನೆಯಲ್ಲಿ ವೆಂಕಮ್ಮ ಸುಣ್ಣ ಬಳಿದಂತೆ ಬೆಳ್ಳಗೆ ಮಲಗಿದ್ದಳು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೆ ನಮ್ಮ ಕಚೇರಿಯ ಮೇಲೆ ಸಿಟ್ಟೇ ಬಂತು. ಆದರೂ ಹುಕುಂ ಹುಕುಮೇ. ಡಾಕ್ಟರು ನೀಲಗಂಗಮ್ಮನವರು ಸೂಜಿ ಹಿಡಿದು ಬಂದಾಗ ನಾನು ಅಡ್ಡ ನಿಂತು, ಮುದ್ರೆ ಒಡೆಯುವಂತಿಲ್ಲವೆಂದು ತಿಳಿಸಿದೆ.

"ಮುದ್ರಿ ಎಲ್ಲಿ ಅದ?" ಎಂದು ಕೇಳಿದರು.

"ಬಳ್ಳಿಗ್ರೀ ಮೇಡಂ."

"ಹಂಗಾರ ನೀವು ಬಳ್ಳು ಹಿಡಕೊಂಡು ಕುಂದ್ರಿ. ನನಗ ಬಳ್ಳು ಬ್ಯಾಡ."

ಹಾಗೆ ಹೇಳಿ ಅವರು ಗೋಪಮ್ಮನ ಬಲಗೈಯ ಮೊಣಕೈ ಮಡಚುವಲ್ಲಿ ಸೂಜಿ ಹಾಕಿ ಬಾಟಲಿ ತುಂಬಿದರು. ನಾನು ಎಡಗೈಯ ಉಂಗುರದ ಬೆರಳನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲಿಂದ ಕಣ್ಣು ಕೀಳದೆ ಕೂತೆ. ಬೆರಳು ಕಾಯುವ ಹುಕುಂ ನನಗಿತ್ತು, ಮೊಣಕೈ ಕಾಯುವ ಹುಕುಂ ಇರಲಿಲ್ಲ. ಬೆಳಗಾಗುವುದರೊಳಗೆ ವೆಂಕಮ್ಮ ಕಣ್ಣು ಬಿಟ್ಟು ಕೂಸನ್ನು ಕೇಳಿದಳು.

ಅಪ್ಪಣೆಯಿಲ್ಲದೆ ರಕ್ತ ಹೋದ ಸುದ್ದಿ ಮುಟ್ಟಿ, ವಿಚಾರಣೆಗೆಂದು ಬೆಂಗಳೂರಿನಿಂದ ಜಂಟಿ ನಿರ್ದೇಶಕರು ಬಂದರು. ಗೋಪಮ್ಮನನ್ನು ಕಚೇರಿಗೆ ಕರೆಸಲಾಯಿತು. ಆಕೆಯನ್ನು ಜೈಲಿಗೆ ಹಾಕುತ್ತಾರೆಂದು ಗಂಡ ತಾಯಣ್ಣ ಗಿರಣಿಯ ಹೊರಗೆ ಅಳುತ್ತಾ ನಿಂತಿದ್ದ. ನಿರ್ದೇಶಕರು ಕನ್ನಡಕ ಹಾಕಿಕೊಂಡು ಮುದ್ರೆ ಪರೀಕ್ಷಿಸಿದರು. ಅರಗು ಕೂದಲೆಳೆಯಷ್ಟೂ ಸೀಳಿರಲಿಲ್ಲ, ಮೊಹರು ಅಚ್ಚುಕಟ್ಟಾಗಿತ್ತು. ಮುದ್ರೆ ಭದ್ರವಿದ್ದ ಮೇಲೆ ಮಾಲು ಹೊರಗೆ ಹೋಗಿಲ್ಲ. ಇದು ಅಬಕಾರಿ ಕಾಲದಿಂದಲೂ ಒಪ್ಪಿಕೊಂಡು ಬಂದ ನಿಯಮ. ಆದರೆ ಮಾಲು ಮಗಳ ಮೈಯಲ್ಲಿ ಸಿಕ್ಕಿದೆ, ಮಗಳು ಬದುಕಿದ್ದಾಳೆ, ಅದಕ್ಕೂ ಸಾಕ್ಷಿಯಿದೆ. ಎರಡೂ ಸರಿ. ನಿರ್ದೇಶಕರು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡರು.

"ಮರಿಸ್ವಾಮಿಯವರೇ, ಪ್ರೋಟೀನಿನ ಕಾರ್ಯ ಗೊತ್ತಾಯಿತು," ಎಂದರು ಕೊನೆಗೆ. "ಅವಶ್ಯ ಬಿದ್ದಾಗ ಮುದ್ರೆಗೆ ಧಕ್ಕೆಯಾಗದಂತೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದೇ ಅದರ ಕಾರ್ಯ."

ಸಾಹೇಬರ ಕಣ್ಣಲ್ಲಿ ನೀರಾಡಿತು. ಪದ್ಧತಿಯ ಪ್ರಕಾರ ಮೂಲದ ಹೇಳಿಕೆಯನ್ನೂ ಪಡೆಯಬೇಕಿತ್ತು. ರಕ್ತ ಹೇಗೆ ಹೋಯಿತೆಂದು ಗೋಪಮ್ಮನನ್ನು ಕೇಳಿದರು. ಆಕೆ ನನ್ನ ಕಡೆ ಒಮ್ಮೆ ನೋಡಿದಳು. ನಾನು ಪರದೆ ನೋಡಿದೆ.

"ಮಗಳು ಉಳದಾಳ್ರೀ ಯಪ್ಪಾ. ಹೆಂಗ ಹೋತು ಅನ್ನೂದು ನೀವು ಹೆಂಗ ಹೇಳಿದ್ರ ಹಂಗ," ಎಂದಳು.

ಸಂಶೋಧನೆಯನ್ನು ಮೇಲೆ ಕಳಿಸಲಾಯಿತು, ಮೇಲಿನವರು ಒಪ್ಪಿದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಈ ಪ್ರೋಟೀನು ಚಿಟಿಕೆಯಷ್ಟಾದರೂ ಎಲ್ಲರಲ್ಲೂ ಇರುವುದರಿಂದ, ಇನ್ನು ಮುಂದೆ ರಕ್ತ ಕೊಡುವವರೆಲ್ಲರೂ ಮೊದಲು ಬೆರಳಿಗೆ ಮುದ್ರೆ ಹಾಕಿಸಿಕೊಂಡು ಬರತಕ್ಕದ್ದೆಂದು ಸುತ್ತೋಲೆ ಹೊರಟಿತು. ಮುದ್ರೆ ಇಲ್ಲದವರ ರಕ್ತ ಹೇಗೆ ಹೊರಗೆ ಬಂತೆಂದು ವಿವರಿಸಲು ನಿಯಮದಲ್ಲಿ ದಾರಿಯಿಲ್ಲ. ನೀಲಗಂಗಮ್ಮನವರು ಮೊದಲು ಸಿಟ್ಟಾದರು. ಒಮ್ಮೆ ಅವರಿಗೆ ನೋಟೀಸು ಬಂತು, ಆಮೇಲೆ ಅವರೂ ಬೆರಳು ನೋಡಿಯೇ ಸೂಜಿ ಹಿಡಿಯತೊಡಗಿದರು. ನಮ್ಮ ಕಚೇರಿಯ ಶಾಖೆಯೊಂದು ಮಾನ್ವಿ ದವಾಖಾನೆಯ ಎದುರಿಗೇ ತೆರೆಯಿತು, ಅದರ ಮುಖ್ಯಸ್ಥ ನಾನಾದೆ.

ಮೊನ್ನೆ ಕಲ್ಲೂರಿನ ಮಲ್ಲಯ್ಯ ಎಂಬುವನು ಮುದ್ರೆಯಿಲ್ಲದೆ ರಕ್ತ ಕೊಡಲು ಹೋಗಿ ವಾಪಸು ಕಳಿಸಲ್ಪಟ್ಟು ನಮ್ಮಲ್ಲಿಗೆ ಓಡಿ ಬಂದ. ಎದುರಿನ ದವಾಖಾನೆಯೊಳಗೆ ಅವನ ಹೆಂಡತಿ ಮಲಗಿದ್ದಳು, ರಕ್ತ ನಿಲ್ಲುತ್ತಿರಲಿಲ್ಲ. ನಿಯಮ ಗೊತ್ತಿರಲಿಲ್ಲ, ತಪ್ಪಾಯಿತು ಎಂದು ಕೈ ಮುಗಿದ. ಪರವಾಗಿಲ್ಲ, ಹೊಸಬರಿಗೆ ಹೀಗಾಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವನ ಮುಂದೆ ಸಾಲು ಉದ್ದವಿತ್ತು. ಯಾರೂ ಗದ್ದಲ ಮಾಡಲಿಲ್ಲ. ಮಲ್ಲಯ್ಯನೂ ಎಡಗೈ ಮುಂದೆ ಚಾಚಿಕೊಂಡು ಎಲ್ಲರ ಹಿಂದೆ ಹೋಗಿ ನಿಂತ, ನಾನು ಅರಗು ಕಾಸಲು ಇಟ್ಟೆ.